ಕೈ ಬಿಟ್ಟರೂ ನಿಲ್ಲದ ಯಂತ್ರ

ಕೆಲಸ ಕಲಿಯಲು ಹೋದ ಮೊದಲ ದಿನವೇ ನಮ್ಮ ಭಾವ ನನ್ನ ಕಣ್ಣೆದುರು ಒಂದು ಬೂದುಗುಂಬಳಕಾಯಿಯನ್ನು ಕೊಂದರು. ಒಡೆದರು ಅನ್ನಬಹುದಿತ್ತು. ಆದರೆ ಅದು ಒಡೆದದ್ದಲ್ಲ, ಕೊಂದದ್ದೇ.

ಭಾವ ಎಂದರೆ ನನ್ನ ಗಂಡನ ಅಣ್ಣ. ಹುಬ್ಬಳ್ಳಿಯಲ್ಲಿ ಕಬ್ಬಿಣದ ಕೆಲಸ ಕಲಿತು, ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಆಕೆಯ ಜೊತೆ ಲಾಸ್ ಏಂಜಲೀಸಿಗೆ ಬಂದವರು. ಆ ಅತ್ತಿಗೆಯನ್ನು ನನ್ನ ಗಂಡ ಹುಬ್ಬಳ್ಳಿ ರೂಢಿಯಂತೆ ವೈನಿ ಅನ್ನುತ್ತಿದ್ದರು. ಮೈಸೂರಿನವಳಾದ ನನ್ನ ಬಾಯಿಗೂ ಅದೇ ಬಂತು. ಚಾಟ್ಸ್‌ವರ್ತ್‌ನಲ್ಲಿ ರೈಲು ಹಳಿಯ ಪಕ್ಕದ ಶೆಡ್ಡುಗಳ ಸಾಲಿನಲ್ಲಿ ಭಾವನದೊಂದು ವರ್ಕ್‌ಶಾಪ್. ಗೇಟು, ಮೆಟ್ಟಿಲ ಕಂಬಿ, ಕಿಟಕಿಯ ಸರಳು, ಯಾವಾಗಲಾದರೊಮ್ಮೆ ಕಲ್ವರ್ ಸಿಟಿಯ ಸ್ಟುಡಿಯೋದವರಿಗೆ ಸಿನಿಮಾ ಜೈಲಿನ ಬಾಗಿಲು.

ನಾನು ಆರ್ಟೀಸಿಯಾದ ಪಾರ್ಲರೊಂದರಲ್ಲಿ ಥ್ರೆಡ್ಡಿಂಗ್ ಮಾಡುತ್ತಿದ್ದೆ. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೇರೆಯವರ ಹುಬ್ಬು ಕೀಳುವ ಕೆಲಸ. ೨೦೨೦ರಲ್ಲಿ ಒಬ್ಬರ ಮುಖದ ಹತ್ತಿರ ಇನ್ನೊಬ್ಬರ ಉಸಿರು ಸುಳಿಯುವುದೇ ಅಪರಾಧವಾಯಿತು. ಪಾರ್ಲರ್ ಮುಚ್ಚಿತು. ನನ್ನ ಗಂಡ ಮಲಗುವ ಕೋಣೆಯಲ್ಲೇ ಟೆಲಿಕಾಂ ಕಂಪನಿಯ ಮೀಟಿಂಗುಗಳಲ್ಲಿ ಮುಳುಗಿದರು. ನಾನು ಮನೆಯಲ್ಲಿ ಗೋಡೆ ನೋಡುತ್ತ ಕೂತೆ. ವೈನಿಯೇ ಭಾವನಿಗೆ ಹೇಳಿದ್ದು:

"ಆಕಿ ಕೈ ನಡಗೂದಿಲ್ರಿ. ಕಣ್ಣಿನ ಮ್ಯಾಲೆ ದಾರ ಆಡಸಾಕಿ. ನಿಮ್ಮ ಮಷಿನ್ ಹಿಡಿಯಾಕ ಕಲಸ್ರಿ."

ಅಮ್ಮನಿಗೆ ಫೋನಿನಲ್ಲಿ ಗ್ರೈಂಡರ್ ಕೆಲಸಕ್ಕೆ ಸೇರಿದ್ದೀನಿ ಅಂದೆ. "ಒಳ್ಳೇದಾಯ್ತು ಬಿಡು, ಅಲ್ಲೂ ದೋಸೆ ಹಿಟ್ಟಿಗೆ ಗಿರಾಕಿ ಇದಾರಾ?" ಅಂದರು. ನಾನು ತಿದ್ದಲಿಲ್ಲ.

ಈ ಗ್ರೈಂಡರ್ ಬೇರೆ. ಮುಷ್ಟಿಯಲ್ಲಿ ಹಿಡಿಯುವಂಥ ಉದ್ದನೆಯ ಮೈ, ತುದಿಯಲ್ಲಿ ಅಡ್ಡಕ್ಕೆ ತಿರುಗುವ ಚಕ್ರ. ತೆಳ್ಳನೆಯ ಡಿಸ್ಕ್ ಹಾಕಿದರೆ ಕಬ್ಬಿಣವನ್ನು ಬಾಳೆದಿಂಡಿನಂತೆ ಸೀಳುತ್ತದೆ. ತಂತಿ ಬ್ರಷ್ ಹಾಕಿದರೆ ತುಕ್ಕನ್ನು ಕಿತ್ತು ಹಾಕುತ್ತದೆ. ಭಾವ ಆವತ್ತು ಹಾಕಿದ್ದು ತಂತಿ ಬ್ರಷ್. ಆಯುಧಪೂಜೆಗೆಂದು ವೈನಿ ತಂದಿಟ್ಟಿದ್ದ ಕುಂಬಳಕಾಯಿಗೆ ತಮ್ಮದೊಂದು ಹಳೆಯ ಸ್ವೆಟರ್ ತೊಡಿಸಿ, ಅದನ್ನು ಮೇಜಿಗೆ ಜೋಡಿಸಿದ ಇಕ್ಕಳದಲ್ಲಿ ಬಿಗಿದರು. ನನ್ನ ಮುಖಕ್ಕೆ ಪಾರದರ್ಶಕ ಕವಚ, ಕಿವಿಗೆ ಮುಚ್ಚಳ, ಮೈಗೆ ಚರ್ಮದ ಏಪ್ರನ್ ಹಾಕಿಸಿ ದೂರ ನಿಲ್ಲಿಸಿದರು.

"ಇದು ನೀ ಅಂತ ತಿಳಕೋ," ಎಂದು ಕಾಯಿಯನ್ನು ತೋರಿಸಿದರು. "ಈಗ ನೋಡು."

ಬ್ರಷ್ ಸ್ವೆಟರಿನ ಅಂಚಿಗೆ ತಾಗಿತೋ ಇಲ್ಲವೋ, ಉಣ್ಣೆ ಅದಕ್ಕೆ ಸುತ್ತಿಕೊಂಡಿತು. ಭಾವನ ಎರಡು ಕೈಯ ಹಿಡಿತವನ್ನೂ ಮೀರಿ ಯಂತ್ರ ಕಾಯಿಯ ಮೇಲೆ ನೆಗೆಯಿತು. ಕರಕರ ಸದ್ದು. ಬಿಳಿ ತಿರುಳು, ಬೀಜ, ಸುಟ್ಟ ಉಣ್ಣೆಯ ಚೂರು ನನ್ನ ಮುಖಕವಚಕ್ಕೆ ರಪರಪನೆ ಬಡಿದವು. ಕಾಯಿಯ ಹೊಟ್ಟೆಯಲ್ಲಿ ನನ್ನ ಮುಷ್ಟಿ ಹೋಗುವಷ್ಟು ದೊಡ್ಡ ತೂತು. ಭಾವ ಕೈ ಸಡಿಲಿಸಿದ ಕೂಡಲೇ ಯಂತ್ರ ನಿಂತಿತು.

"ಅರಿವಿ ಕಚ್ಚಿತು ಅಂದ್ರ ಬಿಡೂದಿಲ್ಲ. ಅರಿವಿ ಹಿಡಕೊಂಡು ಮೈ ಮ್ಯಾಲೆ ಏರತೈತಿ. ನಾಯಿ ಆದ್ರ ಒದ್ದು ಬಿಡಸಬಹುದು. ಇದನ್ನ ಏನ್ ಮಾಡ್ತಿ?"

ಅವರು ಹೇಳುತ್ತಿರಲಿಲ್ಲ, ಅರಚುತ್ತಿದ್ದರು. ಹುಬ್ಬಳ್ಳಿಯ ದಿನಗಳಲ್ಲಿ ಕಿವಿಗೆ ಏನೂ ಇಟ್ಟುಕೊಳ್ಳದೆ ಕಬ್ಬಿಣ ಕೊಯ್ದು ಅವರ ಎರಡೂ ಕಿವಿ ಹೆಚ್ಚುಕಡಿಮೆ ಹೋಗಿದ್ದವು. ಶ್ರವಣಯಂತ್ರ ಹಾಕಿಕೊಳ್ಳಿ ಎಂದು ವೈನಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ, ಅಂದರೆ ಆ ಮಾತೂ ಕೇಳಿಸುತ್ತಿರಲಿಲ್ಲ. ಹೀಗಾಗಿ ಕಲಿಕೆಯೆಲ್ಲ ಜಗಳದಂತೆಯೇ ನಡೆಯಿತು. ಡಿಸ್ಕಿನ ನೇರಕ್ಕೆ ನಿಂತರೆ ಭುಜ ಹಿಡಿದು ಪಕ್ಕಕ್ಕೆ ತಳ್ಳುತ್ತಿದ್ದರು. ಒಂದೇ ಕೈಯಲ್ಲಿ ಹಿಡಿದರೆ ತಮ್ಮ ಗ್ಲೌಸ್ ತೆಗೆದು ನನ್ನ ಮೇಲೆ ಎಸೆಯುತ್ತಿದ್ದರು. ಕತ್ತರಿಸುವ ತೆಳು ಡಿಸ್ಕಿನ ಪಕ್ಕೆಯಿಂದ ಕಬ್ಬಿಣ ಉಜ್ಜಲು ಹೋದ ದಿನ, "ಸಾಯಾಕ ನಿಂತೀ ಏನ?" ಎಂದು ಇಡೀ ಸಾಲಿಗೆ ಕೇಳುವಂತೆ ಕೂಗಿದರು. ಪ್ಲಗ್ ಕೀಳದೆ ಡಿಸ್ಕ್ ಬದಲಿಸಲು ಹೋದಾಗ ನನ್ನ ಕೈಯಿಂದ ಯಂತ್ರ ಕಸಿದುಕೊಂಡು ಮನೆಗೆ ಕಳಿಸಿದರು. ಬಳೆ, ಮಂಗಳಸೂತ್ರ ಮನೆಯ ಡ್ರಾಯರಿಗೆ ಹೋದವು. ಜಡೆ ಟೋಪಿಯೊಳಗೆ ಹೋಯಿತು.

ಅವರ ಶೆಡ್ಡಿನಲ್ಲಿ ಇದ್ದವೆಲ್ಲ ಒಂದೇ ಬಗೆಯ ಯಂತ್ರಗಳು. ಹೊಟ್ಟೆಯ ಕೆಳಗಿನ ಪಟ್ಟಿಯನ್ನು ಅದುಮಿ ಹಿಡಿದಷ್ಟು ಹೊತ್ತು ಓಡುತ್ತವೆ, ಬಿಟ್ಟರೆ ನಿಲ್ಲುತ್ತವೆ. ಮಾರುಕಟ್ಟೆಯಲ್ಲಿ ಇನ್ನೊಂದು ಬಗೆ ಸಿಗುತ್ತದೆ. ಬದಿಯ ಗುಂಡಿಯನ್ನು ಮುಂದಕ್ಕೆ ಸರಿಸಿದರೆ ಅಲ್ಲೇ ಕೂತುಬಿಡುತ್ತದೆ. ಕೈ ಬಿಟ್ಟರೂ ಯಂತ್ರ ಓಡುತ್ತಲೇ ಇರುತ್ತದೆ. ಬೆರಳು ನೋಯುವುದಿಲ್ಲವೆಂದು ಅದನ್ನು ಇಷ್ಟಪಡುವವರು ಬಹಳ. ಭಾವ ಅದನ್ನು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ.

೨೦೨೨ರ ಬೇಸಿಗೆಗೆ ಮುಂಚೆ ಸ್ಯಾನ್ ಡಿಯೇಗೋದಲ್ಲಿ ಒಂದು ಕೆಲಸ ಬಂತು. ಸಮುದ್ರದ ದಂಡೆಯ ಕಡಿದಾದ ಬಂಡೆಯ ಮೇಲೆ ದೊಡ್ಡ ಮನೆ. ಅದರ ಹಿತ್ತಿಲಿನಿಂದ ಮರಳಿಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ಉಪ್ಪುಗಾಳಿಗೆ ಮೆಟ್ಟಿಲೆಲ್ಲ ಹುಣ್ಣೆದ್ದಂತೆ ತುಕ್ಕು ಹಿಡಿದಿತ್ತು. ಮನೆಯನ್ನೇ ಒಡೆದು ಕಟ್ಟುತ್ತಿದ್ದ ಕಂಟ್ರಾಕ್ಟರು ಮೆಟ್ಟಿಲಿನ ಕೆಲಸವನ್ನು ನಮಗೆ ಕೊಟ್ಟಿದ್ದ. ತುಕ್ಕು ತೆಗೆಯುವುದು ನನ್ನ ಪಾಲು, ಕೊಳೆತ ಕಡೆ ಹೊಸ ಪಟ್ಟಿ ಬೆಸೆಯುವುದು ಭಾವನ ಪಾಲು.

ಅಲ್ಲಿನ ಫೋರ್‌ಮನ್ ನನ್ನಷ್ಟೇ ವಯಸ್ಸಿನ, ದಪ್ಪ ಕತ್ತಿನ ಗಂಡಸು. ನಾವು ವ್ಯಾನಿನಿಂದ ಇಳಿದ ಕೂಡಲೇ ದೂರದಿಂದಲೇ ಕಣ್ಣಿಗೆ ಬೀಳುವ, ತೋಳಿಲ್ಲದ ಎರಡು ಕಿತ್ತಳೆ ಬಣ್ಣದ ವೆಸ್ಟ್ ಎಸೆದ. ಸೈಟಿನಲ್ಲಿ ಇರುವವರೆಲ್ಲ ಅದನ್ನು ತೊಡಬೇಕು, ಅದು ರೂಲು. ನನಗೆ ಸಿಕ್ಕಿದ್ದು ಮೊಣಕಾಲಿನ ತನಕ ಬರುವ, ಮುಂದೆ ಬಿಗಿಯಲು ಏನೂ ಇಲ್ಲದ ಬಲೆಯಂಥ ಚೀಲ.

"ಇದು ಸಡಿಲ ಐತಿ. ಮಷಿನ್ ಹಿಡಿಯಾಕಿ ಇದನ್ನ ಹಾಕಬಾರದು ಅಂತ ಹೇಳು ಅವಗ," ಎಂದು ಭಾವ ನನಗೆ ಹೇಳಿದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ವೆಸ್ಟ್ ಇಲ್ಲದಿದ್ದರೆ ಕೆಲಸವೂ ಇಲ್ಲ, ಈಗಲೇ ಹೊರಡಬಹುದು ಎಂದ. ನಾನು ಅದರ ಎರಡು ಅಂಚನ್ನು ಏಪ್ರನ್ನಿನ ಪಟ್ಟಿಯೊಳಗೆ ತುರುಕಿಕೊಂಡೆ.

ಬೆಳಗ್ಗೆಯೆಲ್ಲ ಚೆನ್ನಾಗಿ ಸಾಗಿತು. ಊಟದ ಹೊತ್ತಿಗೆ ನನ್ನ ಯಂತ್ರದ ವಯರು ಮೆಟ್ಟಿಲಿನ ಚೂಪು ಅಂಚಿಗೆ ಸಿಕ್ಕಿ ಸುಲಿದುಹೋಯಿತು. ಭಾವ ಕೆಳಗೆ ಮರಳಿನ ಹತ್ತಿರ ಬೆಸೆಯುತ್ತಿದ್ದರು. ನಾನು ನಿಂತಿದ್ದು ಕಂಡ ಫೋರ್‌ಮನ್ ತನ್ನ ಗ್ರೈಂಡರನ್ನೇ ತಂದು ನನ್ನ ತಂತಿ ಬ್ರಷ್ಷನ್ನು ಅದಕ್ಕೆ ತಿರುಪಿ ಕೈಗಿಟ್ಟ. ಪೇಂಟಿನವರು ಬರುತ್ತಿದ್ದಾರೆ, ಈ ಕಂಬ ಮುಗಿಸಿಬಿಡು ಅಂದ. ಗುಂಡಿ ಸರಿಸುವ ಬಗೆಯ ಯಂತ್ರ. ನಾನು ಗುಂಡಿಯನ್ನು ಎರಡು ಸಲ ಮುಂದೆ ಹಿಂದೆ ಮಾಡಿ ನೋಡಿಕೊಂಡು ಕೆಲಸ ಹಿಡಿದೆ.

ಸಮುದ್ರದ ಕಡೆಯಿಂದ ಒಂದು ಸಲ ಗಾಳಿ ಎದ್ದಿತು. ಏಪ್ರನ್ನಿನ ಪಟ್ಟಿಯಿಂದ ವೆಸ್ಟಿನ ಅಂಚು ಕಿತ್ತುಕೊಂಡು ಹಾರಿ ಬ್ರಷ್ಷಿಗೆ ತಾಗಿತು.

ಆಮೇಲಿನದನ್ನು ಬಿಡಿಸಿ ಹೇಳುವಷ್ಟು ಹೊತ್ತು ಅದು ನಡೆಯಲೇ ಇಲ್ಲ, ಆದರೂ ನನಗೆ ಎಲ್ಲ ನೆನಪಿದೆ. ಯಂತ್ರ ನನ್ನ ಎರಡೂ ಮಣಿಕಟ್ಟನ್ನು ತಿರುಚಿ ಎದೆಗೆ ಹಾರಿತು. ವೆಸ್ಟನ್ನು ನುಂಗುತ್ತ ಏಪ್ರನ್ ದಾಟಿ ಮೇಲೆ ಬಂದು, ಅಂಗಿಯನ್ನು ಹಿಡಿದು, ಎಡಗಡೆಯ ಕೊರಳೆಲುಬಿನ ಕೆಳಗೆ ಕಚ್ಚಿಕೊಂಡಿತು. ನಾನು ಕೈ ಬಿಟ್ಟೆ. ಅದು ನಿಲ್ಲಲಿಲ್ಲ. ಕೈ ಬಿಟ್ಟದ್ದರಿಂದ ಅದಕ್ಕೆ ಇನ್ನಷ್ಟು ಸ್ವಾತಂತ್ರ್ಯ ಸಿಕ್ಕಿತು ಅಷ್ಟೇ. ಮತ್ತೆ ಎರಡೂ ಕೈಯಿಂದ ಅದರ ಮೈ ಹಿಡಿದು ಕುತ್ತಿಗೆಯ ಕಡೆ ಬರದಂತೆ ಕೆಳಕ್ಕೆ ಒತ್ತಿದೆ. ಗುಂಡಿ ನನ್ನ ಎದೆಯ ಕಡೆಗಿತ್ತು, ಅದರ ಮೇಲೆ ಬಟ್ಟೆ ಸುತ್ತಿಕೊಂಡಿತ್ತು. ಬೆರಳಿಗೆ ಸಿಗಲಿಲ್ಲ. ಕಂಬಿಗೆ ಬೆನ್ನು ಬಡಿದು ಮೆಟ್ಟಿಲಿನ ಮೇಲೆ ಬಿದ್ದೆ. ಸುಟ್ಟ ಪ್ಲಾಸ್ಟಿಕ್ಕಿನ ನಾತ, ಅದರೊಳಗೆ ನನ್ನದೇ ಚರ್ಮದ ನಾತ. ದವಡೆಯ ಎಲುಬಿನೊಳಗೆ ಮೋಟಾರಿನ ಕೂಗು. ಭಾವಾ, ಭಾವಾ ಎಂದು ಕಿರುಚಿದೆ. ಕಿವಿಯಿಲ್ಲದ ಮನುಷ್ಯನನ್ನು ಕೂಗುತ್ತಿದ್ದೇನೆ ಎನ್ನುವುದು ಅಷ್ಟರಲ್ಲೂ ಹೊಳೆಯಿತು.

ಅವರು ಕೇಳಿ ಬರಲಿಲ್ಲ, ನೋಡಿ ಬಂದರು. ಜಾಲರಿ ಮೆಟ್ಟಿಲಿನ ಕೆಳಗಿನಿಂದ ನನ್ನ ಕಾಲು ಒದ್ದಾಡುವುದು ಕಂಡಿತಂತೆ. ಮೆಟ್ಟಿಲು ಹತ್ತಿ ಬಂದವರು ನನ್ನ ಹತ್ತಿರ ಬಗ್ಗಲೂ ಇಲ್ಲ. ನನ್ನನ್ನು ದಾಟಿಕೊಂಡು ಮೇಲಕ್ಕೆ ಓಡಿದರು. ಬಿಟ್ಟು ಹೋದರು ಎಂದುಕೊಂಡೆ. ಅಂಥ ಒಂಟಿತನ ಅದಕ್ಕೆ ಮೊದಲೂ ಗೊತ್ತಿರಲಿಲ್ಲ, ಆಮೇಲೂ ಗೊತ್ತಾಗಿಲ್ಲ. ಮರುಗಳಿಗೆ ಮೋಟಾರಿನ ಕೂಗು ಇಳಿಯಿತು. ಹಿತ್ತಿಲಿನ ಗೋಡೆಯಲ್ಲಿದ್ದ ಪ್ಲಗ್ಗನ್ನು ಕಿತ್ತು ಅವರು ಓಡಿ ಬಂದು, ಚಾಕುವಿನಿಂದ ಬಟ್ಟೆ ಕೊಯ್ದು ಯಂತ್ರವನ್ನು ನನ್ನ ಮೈಯಿಂದ ಬಿಡಿಸಿದರು. ತಮ್ಮ ಅಂಗಿ ಬಿಚ್ಚಿ ಮುದ್ದೆ ಮಾಡಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿದರು.

"ಉಸಿರಾಡು. ಯವ್ವಾ, ಉಸಿರಾಡು."

ಫೋರ್‌ಮನ್ ಬಂದ. ನನ್ನನ್ನು ನೋಡಿದ, ಯಂತ್ರವನ್ನು ನೋಡಿದ. ಫೋನ್ ತೆಗೆದು ಆಂಬುಲೆನ್ಸಿಗೆ ಹೇಳಿದ, ಅದನ್ನು ಇಲ್ಲವೆನ್ನುವುದಿಲ್ಲ. ಫೋನ್ ಇಟ್ಟ ಮೇಲೆ, ಇವಳಿಗೆ ಮಷಿನ್ ಹಿಡಿಯಲು ಬರುವುದಿಲ್ಲವೆಂದು ಮೊದಲೇ ಹೇಳಬೇಕಿತ್ತು, ಅಂದ.

ತುಟಿ ಅಲುಗಿದ್ದು ಭಾವನಿಗೆ ಕಂಡಿತು. "ಏನಂದಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ಅವರ ಕಿವಿಗಿಟ್ಟು ಹೇಳಿದೆ. "ನನಗೆ ಮಷಿನ್ ಹಿಡಿಯೋಕೆ ಬರಲ್ವಂತೆ, ಭಾವ."

ಅವರು ನನ್ನ ಕೈಯನ್ನೇ ತೆಗೆದು ಗಾಯದ ಮೇಲಿಟ್ಟು, ಒತ್ತಿ ಹಿಡಿ ಎಂದು ಸನ್ನೆ ಮಾಡಿ ಎದ್ದರು. ಸೊಂಟದ ಪಟ್ಟಿಯಿಂದ ಸುತ್ತಿಗೆ ಎಳೆದರು. ಮೊದಲ ಏಟು ಆ ಗ್ರೈಂಡರಿನ ತಲೆಗೆ. ಎರಡನೆಯದಕ್ಕೆ ಅದರ ಮೈ ಸೀಳಿ ತಾಮ್ರದ ಕರುಳು ಹೊರಗೆ ಬಂತು. ಹೊಡೆಯುತ್ತಲೇ ಇದ್ದರು. ಬರಿಮೈಯ ಅರವತ್ತು ದಾಟಿದ ಮನುಷ್ಯ, ಎದೆಯ ಬಿಳಿ ಕೂದಲಿಗೆ ನನ್ನ ರಕ್ತ. ಫೋರ್‌ಮನ್ ಬಂದು ಎರಡೂ ಕೈಯಿಂದ ತಳ್ಳಿದ. ಭಾವ ಬಲಗೈ ಊರಿ ಬಿದ್ದರು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು. ಮಣಿಕಟ್ಟು ವಾಲಿ ಜೋತುಬಿತ್ತು. ಅವರು ಎದ್ದು ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡರು. ಫೋರ್‌ಮನ್ ಒಂದೊಂದೇ ಮೆಟ್ಟಿಲು ಸಮುದ್ರದ ಕಡೆಗೆ ಹಿಂದೆ ಹಿಂದೆ ಇಳಿದ. ಭಾವ ಒಂದೊಂದೇ ಮೆಟ್ಟಿಲು ಅವನ ಕಡೆಗೆ ಇಳಿದರು.

ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಆಂಬುಲೆನ್ಸಿಗಿಂತ ಮೊದಲು ಬಂದವರು ಅವರೇ. ಮೆಟ್ಟಿಲಿನ ತಲೆಯಲ್ಲಿ ಇಬ್ಬರು ನಿಂತು ಪಿಸ್ತೂಲು ಚಾಚಿದರು. ಸುತ್ತಿಗೆ ಕೆಳಗೆ ಹಾಕು ಎಂದು ಕೂಗಿದರು. ಭಾವನ ಬೆನ್ನು ಅವರ ಕಡೆಗಿತ್ತು. ಮತ್ತೆ ಕೂಗಿದರು. ಭಾವ ಇನ್ನೊಂದು ಮೆಟ್ಟಿಲು ಇಳಿದರು.

"ಅವರಿಗೆ ಕಿವಿ ಕೇಳಿಸಲ್ಲ! ಕಿವುಡರು!" ಎಂದು ನಾನು ಮೇಲೆ ನೋಡಿ ಕಿರುಚಿದೆ. ಬಾಯಿಗೆ ಬಂದದ್ದು ಕನ್ನಡ. ತಿರುಗಿ ಇಂಗ್ಲಿಷಿನಲ್ಲಿ ಕಿರುಚುವಷ್ಟರಲ್ಲಿ ಅವರ ಕೂಗು ನನ್ನದನ್ನು ಮುಚ್ಚಿಹಾಕಿತ್ತು.

ನಾನು ಎದ್ದೆ. ಹೇಗೆ ಎದ್ದೆನೋ ತಿಳಿಯದು. ಓಡಿ ಹೋಗಿ ಭಾವನನ್ನು ಹಿಂದಿನಿಂದ ತಬ್ಬಿಕೊಂಡು ಅವರ ಬೆನ್ನನ್ನು ನನ್ನ ಬೆನ್ನಿನಿಂದ ಮರೆಮಾಡಿದೆ. ಯಾರೋ ಹಿಡಿಯಲು ಬಂದರೆಂದುಕೊಂಡು ಅವರು ಮೊಣಕೈ ಬೀಸಿದರು. ಅದು ನನ್ನ ಮೂಗಿಗೆ ಬಡಿಯಿತು. ನಾನು ಬಿಡಲಿಲ್ಲ. ಆಗ ಅವರು ತಲೆ ತಗ್ಗಿಸಿ ತಮ್ಮ ಎದೆಯ ಮೇಲಿದ್ದ ಕೈಗಳನ್ನು ನೋಡಿದರು. ಬಳೆಯಿಲ್ಲದ, ತುಕ್ಕು ಮತ್ತು ರಕ್ತ ಮೆತ್ತಿದ ಕೈ. ಸುತ್ತಿಗೆ ಜಾರಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಠಣಠಣ ಬೀಳುತ್ತ ಮರಳಿಗೆ ಹೋಯಿತು.

ಆವತ್ತು ಯಾರನ್ನೂ ಜೈಲಿಗೆ ಹಾಕಲಿಲ್ಲ. ಆ ಮುದುಕ ತಾನೇ ಕಾಲು ಜಾರಿ ಬಿದ್ದ ಎಂದು ಪೊಲೀಸರಿಗೆ ಫೋರ್‌ಮನ್ ಹೇಳಿದ. ಮಷಿನ್ ಒಡೆದದ್ದರ ಬಗ್ಗೆ ಅವನು ದೂರು ಕೊಡಲಿಲ್ಲ, ನೂಕಿದ್ದರ ಬಗ್ಗೆ ನಾವೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಪರದೆಯ ಈ ಕಡೆ ನನಗೆ ಹೊಲಿಗೆ, ಆ ಕಡೆ ಭಾವನ ಮಣಿಕಟ್ಟಿಗೆ ಪಟ್ಟಿ. ಲಾಸ್ ಏಂಜಲೀಸಿನಿಂದ ನನ್ನ ಗಂಡ ಬಂದವರು ನನ್ನನ್ನು ನೋಡಿ ಪರದೆ ಸರಿಸಿ ಅಣ್ಣನ ಮುಂದೆ ನಿಂತರು.

"ನನ್ನ ಹೆಂಡ್ತೀನ ಕೊಲ್ಲಾಕ ಕರಕೊಂಡ ಹೋಗಿದ್ಯೇನು?"

ಅಣ್ಣನ ಎದುರು ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಈ ಮಾತು ಭಾವನಿಗೆ ಕೇಳಿಸಿತು. ತಲೆ ಬಗ್ಗಿಸಿ ಕೂತರು. "ಹೊಡಿ," ಅಂದರು. ನನ್ನ ಗಂಡ ಹೊಡೆಯಲಿಲ್ಲ. ಕುರ್ಚಿಯನ್ನು ಒದ್ದರು. ಆಮೇಲೆ ಅದನ್ನೇ ಎತ್ತಿ ನಿಲ್ಲಿಸಿ ಅಣ್ಣನ ಪಕ್ಕ ಕೂತರು.

ಗಾಯ ಆರಿದರೂ ಒಳಗಿನದು ಮುಗಿಯಲಿಲ್ಲ. ಬ್ರಷ್ಷಿನ ತಂತಿಯ ತುಂಡುಗಳು ಮಾಂಸದಲ್ಲಿ ಉಳಿದಿದ್ದವು. ಎಷ್ಟೋ ವಾರ ಕಳೆದ ಮೇಲೂ, ಸ್ನಾನ ಮಾಡುವಾಗ ಬೆರಳಿಗೆ ಚುಚ್ಚಿದಂತಾಗಿ ನೋಡಿದರೆ ಕೂದಲಿನಷ್ಟು ತೆಳ್ಳನೆಯ ಕಪ್ಪು ತುದಿ ಚರ್ಮದಿಂದ ಇಣುಕುತ್ತಿರುತ್ತಿತ್ತು. ಡಾಕ್ಟರಿಗೆ ತೋರಿಸಿದೆವು. ಚರ್ಮದ ಮೇಲಕ್ಕೆ ಬಂದವನ್ನು ತೆಗೆಯಬಹುದು, ಆಳದಲ್ಲಿರುವವನ್ನು ಕೆದಕಬೇಡಿ ಎಂದರು. ವೈನಿ ಡ್ಯೂಟಿ ಮುಗಿಸಿ ಬಂದು, ನನ್ನನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂರಿಸಿ, ಚಿಮುಟದಿಂದ ಎಳೆಯುತ್ತಿದ್ದರು. ನಾನು ಬೈಯುತ್ತಿದ್ದೆ. ಮೈಸೂರಿನ ನಮ್ಮ ಬೀದಿಯಲ್ಲಿ ಕಲಿತಿದ್ದು, ಯಾವತ್ತೂ ಬಾಯಿಂದ ಹೊರಬಿಡದಿದ್ದ ಬೈಗುಳಗಳೆಲ್ಲ ಬರುತ್ತಿದ್ದವು. "ಬಯ್ಯವ್ವಾ ಬಯ್ಯಿ, ಸೆಪ್ಟಿಕ್ ಆಗೂದಕಿಂತ ಅದು ಚೊಲೋ," ಅನ್ನುತ್ತಿದ್ದರು ವೈನಿ.

ಮಿಕ್ಸಿ ಹಾಕಿದರೆ ಬೆವರುತ್ತಿದ್ದೆ. ಒಂದು ದಿನ ಚಟ್ನಿಗೆ ಕಾಯಿ ಹಾಕಿ ಗುಂಡಿ ತಿರುಗಿಸಿದವಳು, ಅದು ಕೂಗಿದ ಕೂಡಲೇ ಜಾರ್ ಸಮೇತ ನೆಲಕ್ಕೆ ಬಡಿದೆ. ನನಗಾಗಿದ್ದು ಹೆದರಿಕೆ ಎಂದು ಎಲ್ಲರೂ ಅಂದುಕೊಂಡರು. ಹೆದರಿಕೆಯಲ್ಲ, ಅದು ಕೋಪ. ಆ ಸದ್ದನ್ನು ಯಾರಾದರೂ ಸಾಯಿಸಬೇಕು ಅನ್ನಿಸುತ್ತಿತ್ತು.

ಭಾವನ ಮಣಿಕಟ್ಟಿನ ಮೂಳೆಗೆ ಒಳಗೆ ಲೋಹದ ಪಟ್ಟಿ ಹಾಕಿದ್ದರು. ಬೆಸೆಯುವಷ್ಟು ಕೈ ಆಡುತ್ತಿತ್ತು, ಗ್ರೈಂಡರ್ ಹಿಡಿಯುವಷ್ಟು ಬಲ ಬರಲಿಲ್ಲ. ಒಪ್ಪಿಕೊಂಡ ಗೇಟುಗಳು ಅರ್ಧಕ್ಕೆ ನಿಂತಿದ್ದವು. ಒಂದು ಬೆಳಗ್ಗೆ ನಾನೇ ಹೋಗಿ ಏಪ್ರನ್ ಕಟ್ಟಿಕೊಂಡೆ. ಭಾವ ಮುಖಕವಚವನ್ನು ಒರೆಸಿ ಕೊಟ್ಟರು.

ಮೊದಲ ಕೊಳವೆಗೆ ಡಿಸ್ಕ್ ಇಟ್ಟಾಗ ನನ್ನೊಳಗೆ ಏನೋ ಹರಿದುಕೊಂಡಿತು. ಕತ್ತರಿಸುವುದು ಯಂತ್ರಕ್ಕೆ ಬಿಟ್ಟ ಕೆಲಸ, ನಾವು ದಾರಿ ತೋರಿಸಿದರೆ ಸಾಕು. ನಾನು ಒತ್ತಿದೆ. ಆ ಕಬ್ಬಿಣಕ್ಕೆ ನೋಯಲಿ ಎಂದು ಒತ್ತಿದೆ. ಡಿಸ್ಕ್ ಬಾಗಿ ಚೀರಿತು, ಕಿಡಿ ಕೆಂಪಾಯಿತು. ಇದ್ದಕ್ಕಿದ್ದಂತೆ ಯಂತ್ರ ಸತ್ತುಹೋಯಿತು. ತಿರುಗಿ ನೋಡಿದರೆ ಭಾವ ಕಿತ್ತ ಪ್ಲಗ್ ಹಿಡಿದು ನಿಂತಿದ್ದರು. ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದು ಆವತ್ತು. ಆಗತಾನೇ ವೈನಿಯ ಹಟಕ್ಕೆ ಸೋತು ಶ್ರವಣಯಂತ್ರ ಹಾಕಿಕೊಂಡಿದ್ದರು, ತಮ್ಮ ದನಿ ತಮಗೇ ಕೇಳಿಸುತ್ತಿತ್ತು.

"ಸಿಟ್ಟಿನ್ಯಾಗ ಇದನ್ನ ಹಿಡೀಬ್ಯಾಡ. ನಾ ಸಿಟ್ಟಿನ್ಯಾಗ ಸುತ್ತಿಗಿ ಹಿಡದೆ." ಮಡಚಲಾಗದ ಮಣಿಕಟ್ಟನ್ನು ಎತ್ತಿ ತೋರಿಸಿದರು. "ಚಾ ಕುಡಿಯೋಣ ಬಾ."

ಆ ದಿನ ಚಹಾ ಕುಡಿದು ಮನೆಗೆ ಹೋದೆ. ಮರುದಿನವೂ ಒತ್ತಿದೆ, ಮರುದಿನವೂ ಪ್ಲಗ್ ಕಿತ್ತರು. ಅಳುತ್ತಲೇ ಜಗಳವಾಡಿದೆ. "ಕೀಳಬೇಡಿ, ನನ್ನ ಕೈಲಿ ಆಗತ್ತೆ!" ಅಂದೆ. "ಆಕ್ಕೈತಿ, ಗೊತ್ತೈತಿ, ಸಿಟ್ಟು ಇಳೀಲಿ," ಅಂದರು. ಅದು ಇಳಿದದ್ದು ಯಾವ ದಿನ ಎಂದು ಹೇಳಲಾರೆ. ಒಂದು ಸಂಜೆ ಗೇಟೊಂದು ಮುಗಿದು ಗೋಡೆಗೆ ಒರಗಿತ್ತು, ಪ್ಲಗ್ ಇನ್ನೂ ಗೋಡೆಯಲ್ಲೇ ಇತ್ತು.

ಕಳೆದ ವರ್ಷದ ಹಿಂದಿನ ಚಳಿಗಾಲದಲ್ಲಿ, ಮರುಭೂಮಿಯ ಕಡೆಯಿಂದ ಹುಚ್ಚುಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಚಾಟ್ಸ್‌ವರ್ತ್‌ನ ಗುಡ್ಡದ ಹಿಂದೆ ಹೊಗೆ ಎದ್ದಿತು. ಗಾಳಿಗೆ ತಂತಿಗಳು ಕಿಡಿ ಹಾರಿಸಿಯಾವೆಂದು ಕರೆಂಟು ತೆಗೆದಿದ್ದರು. ನಾವು ಶೆಡ್ಡಿನ ಗ್ಯಾಸ್ ಸಿಲಿಂಡರುಗಳನ್ನು ವ್ಯಾನಿಗೆ ಹಾಕುತ್ತಿದ್ದಾಗ ಮೇಲಿನ ಬೀದಿಯ ಒಬ್ಬ ಹೆಂಗಸು ಓಡಿ ಬಂದಳು. ಕುದುರೆ ಸಾಕಿದ್ದವಳು. ಅವಳ ಗೇಟು ಮೋಟಾರಿನಿಂದ ತೆರೆಯುವಂಥದ್ದು, ಕರೆಂಟಿಲ್ಲದೆ ಅದರ ಕಬ್ಬಿಣದ ತೋಳು ಬಿಗಿದುಕೊಂಡಿತ್ತು. ಒಳಗೆ ಮೂರು ಕುದುರೆ.

ಬ್ಯಾಟರಿಯ ಗ್ರೈಂಡರ್ ತೆಗೆದುಕೊಂಡು ಹೋದೆವು. ಗುಡ್ಡದ ನೆತ್ತಿಯಲ್ಲಿ ಬೆಂಕಿ ಕಾಣುತ್ತಿತ್ತು. ಕುದುರೆಗಳು ಗೇಟಿನ ತಗಡಿಗೆ ಒದೆಯುತ್ತಿದ್ದವು. ಪ್ರತಿ ಒದೆತಕ್ಕೂ ಕಂಬ ನಡುಗುತ್ತಿತ್ತು. ನಾನು ಮುಖಕವಚ ಹಾಕಿಕೊಳ್ಳುತ್ತಿದ್ದೆ.

"ಅದೆಲ್ಲ ಬೇಡ, ಕತ್ತರಿಸು!" ಎಂದು ಅವಳು ಚೀರಿದಳು.

ತೋಳಿನ ಕೆಳಗೆ ಮೊಣಕಾಲೆತ್ತರ ಒಣ ಹುಲ್ಲು. ಒಂದು ಕಿಡಿ ಬಿದ್ದರೆ ಗುಡ್ಡದ ಬೆಂಕಿಗೆ ಕಾಯುವುದೇ ಬೇಕಿರಲಿಲ್ಲ. ಮೊದಲು ನೀರು ಹಾಕು, ಅಂದೆ. ನನ್ನನ್ನು ಅಸಹ್ಯವಾಗಿ ಬೈದಳು. ಬೈಯುತ್ತಲೇ ಗೇಟು ಹತ್ತಿ ಒಳಗೆ ಹಾರಿ, ಕುದುರೆಯ ನೀರಿನ ತೊಟ್ಟಿಯಿಂದ ಬಕೆಟ್ ತುಂಬಿ ಹುಲ್ಲಿಗೆ ಎರಚಿದಳು. ಭಾವ ಹೊರಗಿನ ಹುಲ್ಲನ್ನು ಕಾಲಿನಿಂದ ತುಳಿದು, ಸಲಿಕೆಯಿಂದ ಕೆರೆದು ಮಣ್ಣು ಮಾಡಿದರು.

"ಕುದುರೆಗಳನ್ನು ಹಿಂದಕ್ಕೆ ಹಿಡಿ. ಗೇಟಿಗೆ ಒತ್ತಬಾರದು," ಅಂದೆ. ಅವಳಿಗೆ ಎರಡನ್ನು ಮಾತ್ರ ಹಿಡಿಯಲಾಯಿತು.

ತೋಳು ಅರ್ಧ ಸೀಳಿತ್ತು. ಮೂರನೆಯ ಕುದುರೆ ಗೇಟಿಗೆ ಎದೆ ಕೊಟ್ಟು ಗುದ್ದಿತು. ಸೀಳು ಮುಚ್ಚಿಕೊಂಡು ಡಿಸ್ಕನ್ನು ಹಲ್ಲಿನಂತೆ ಕಚ್ಚಿತು. ಯಂತ್ರ ಹಿಂದಕ್ಕೆ ಸಿಡಿಯಿತು. ನಾನು ಅದರ ನೇರದಲ್ಲಿ ನಿಂತಿರಲಿಲ್ಲ, ಎರಡು ಕೈಯೂ ಬಿಗಿಯಾಗಿದ್ದವು. ಅದು ನನ್ನ ಭುಜದ ಪಕ್ಕದ ಗಾಳಿಯನ್ನು ಕಡಿದು ಹೋಯಿತು. ಡಿಸ್ಕಿನ ಅಂಚು ಮುಕ್ಕಾಗಿತ್ತು. ನಾನು ಬ್ಯಾಟರಿ ಕಳಚಿ ನೆಲದ ಮೇಲಿಟ್ಟು ಹೊಸ ಡಿಸ್ಕ್ ತಿರುಪಲು ಕೂತೆ. ಹೊಗೆ ಬೀದಿಗೆ ಇಳಿದಿತ್ತು. ಗೇಟಿನ ಆಚೆಯಿಂದ ಆ ಹೆಂಗಸು, ನೀನು ಆ ಕುದುರೆಗಳನ್ನು ಕೊಲ್ಲುತ್ತಿದ್ದೀಯ, ಕೊಲ್ಲುತ್ತಿದ್ದೀಯ, ಎಂದು ಅಳುತ್ತ ಕಿರುಚುತ್ತಿದ್ದಳು. ನನಗೂ ಅಳು ಬರುತ್ತಿತ್ತು. ಬೆರಳು ಮಾತ್ರ ಅವಸರ ಮಾಡಲಿಲ್ಲ.

ಎರಡನೆಯ ಸಲ ತೋಳು ತುಂಡಾಯಿತು. ನಾನು ಪಕ್ಕಕ್ಕೆ ಹಾರುವುದಕ್ಕೂ ಗೇಟು ಬೀಸಿ ಬಂದು ಕಂಬಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಕುದುರೆಗಳು ನುಗ್ಗಿದವು. ಹಗ್ಗ ಬಿಡದೆ ಹಿಡಿದಿದ್ದ ಆ ಹೆಂಗಸನ್ನು ಒಂದು ಕುದುರೆ ನೆಲಕ್ಕೆ ಕೆಡವಿ ಪಾದದ ಮೇಲೆ ಕಾಲಿಟ್ಟಿತು. ಭಾವ ಎಡಗೈಯಲ್ಲಿ ಅದರ ಹಗ್ಗ ಹಿಡಿದು ಜೋತುಬಿದ್ದರು. ನಾನು ಅವಳನ್ನು ಎಬ್ಬಿಸಿ ವ್ಯಾನಿಗೆ ಹಾಕಿದೆ. ಉಳಿದೆರಡು ಕುದುರೆ ಬೀದಿಯಲ್ಲಿ ಓಡಿ ಹೋದವು. ಕೆಳಗಿನ ರಸ್ತೆಯಲ್ಲಿ ಯಾರೋ ಅವುಗಳನ್ನು ಹಿಡಿದು ಕಟ್ಟಿದ್ದರು.

ಗಾಳಿ ತಿರುಗಿ ಬೆಂಕಿ ಆ ಬೀದಿಗೆ ಬರಲೇ ಇಲ್ಲ. ಬಂದಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಪಾದದ ಮೂಳೆ ಕೂಡಿಕೊಂಡ ಮೇಲೆ ಆ ಹೆಂಗಸು ಊರುಗೋಲಿನಲ್ಲಿ ಶೆಡ್ಡಿಗೆ ಬಂದಳು. ಬೈದದ್ದಕ್ಕೆ ಕ್ಷಮೆ ಕೇಳಲಿಲ್ಲ, ನಾನೂ ಕಾಯಲಿಲ್ಲ. ಕೈಯಿಂದಲೇ ತೆರೆಯುವ ಅಗುಳಿ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದಳು. ಹೋಗಿ ಹಾಕಿಕೊಟ್ಟೆ. ಗೇಟಿನ ತಗಡಿನಲ್ಲಿ ಗೊರಸಿನ ಗುರುತುಗಳು ಆಳವಾಗಿ ಮೂಡಿದ್ದವು. ತಟ್ಟಿ ಸಮ ಮಾಡಲೇ ಎಂದು ಕೇಳಿದೆ. ಅವಳು ಒಂದು ತಗ್ಗಿನೊಳಗೆ ಬೆರಳಿಟ್ಟು ನೋಡಿ, ಬೇಡ, ಹಾಗೇ ಇರಲಿ, ಅಂದಳು.